ಗುಳಿಗೆ ಮುಗಿಸುವ ತನಕ

ಜನವರಿ 9, 2024

ಹೊರರೋಗಿಗಳ ಸಾಲು ಮುಗಿಯುವ ಹೊತ್ತಿಗೆ ಬಂದ ಗೌಂಡಿಯೊಬ್ಬನನ್ನು ವಾರ್ಡಿಗೆ ಸೇರಿಸಿಕೊಂಡೆ. ವಯಸ್ಸು ಮೂವತ್ತಾರು. ಬಾಗಿಲಿನಿಂದ ನನ್ನ ಮೇಜಿನವರೆಗೆ ಬರುವಷ್ಟರಲ್ಲೇ ಅರ್ಧ ಗೊತ್ತಾಯಿತು. ಬಲಗೈ ಪಕ್ಕೆಗೆ ಒತ್ತಿ ಹಿಡಿದು, ಬಲಕ್ಕೆ ವಾಲಿಕೊಂಡು, ಹೆಜ್ಜೆ ಎತ್ತಿಡಲು ಅಂಜುತ್ತ ಬಂದ. "ಬಾಯಾರ, ಹತ್ತ ಹನ್ನೆರಡ ದಿನಾತ್ರಿ, ಜ್ವರ ಬಿಡವಲ್ದು. ರಾತ್ರಿ ಬೆವರಿಗೆ ಹಾಸಿಗಿ ತೊಯ್ತೈತಿ. ಈ ಬಲಗಡಿ ಹೆಗಲೂ ಸೆಳಿಯಾಕತ್ತೈತ್ರಿ" ಅಂದ. ಬೇರೆ ಕಡೆ ವಿಡಾಲ್ ಪರೀಕ್ಷೆ ಮಾಡಿಸಿ, ಟೈಫಾಯಿಡ್ ಎಂದು ಐದು ದಿನ ಇಂಜೆಕ್ಷನ್ ಹಾಕಿದ್ದಾರೆ. ಆಮೇಲೆ ಗ್ಯಾಸ್ ಎಂದು ಔಷಧಿ ಕೊಟ್ಟಿದ್ದಾರೆ.

ಪಕ್ಕೆ ನೋವಿನ ಜೊತೆ ಹೆಗಲಿನ ಮಾತು ಬಂದಾಗ ನನ್ನ ಗಮನ ಯಕೃತ್ತಿನ ಕಡೆಗೇ ಹೋಗುತ್ತದೆ. ಯಕೃತ್ತಿನ ನೆತ್ತಿಯಲ್ಲಿ ಬಾವು ಬಂದು ವಪೆಗೆ ತಾಗಿದರೆ, ನರದ ದಾರಿ ಹಿಡಿದು ಆ ನೋವು ಹೆಗಲ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕೆಳಗಿನ ಪಕ್ಕೆಲುಬುಗಳ ನಡುವಿನ ಸಂದಿನಲ್ಲಿ ಒಂದೇ ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಅವನು ಮಂಚದಿಂದ ಎದ್ದು ಕೂತುಬಿಟ್ಟ. ಕಡ್ಡಾಯ ಗ್ರಾಮೀಣ ಸೇವೆಗೆ ಬಂದಿರುವ ನಮ್ಮ ಕಿರಿಯ ಡಾಕ್ಟರಿಗೂ ಅದೇ ಜಾಗ ತೋರಿಸಿದೆ. ಎರಡನೆಯ ಸಲ ಒತ್ತಲು ಬಿಡಲಿಲ್ಲ. ನೋಡಿ ಕಲಿತರೆ ಸಾಕು.

ಸ್ಕ್ಯಾನಿಂಗ್‌ನಲ್ಲಿ ಬಲ ಹಾಲೆಯ ಹಿಂಭಾಗದಲ್ಲಿ, ಹೊರಗವಚಕ್ಕೆ ಹತ್ತಿ ಒಂದೇ ಒಂದು ದುಂಡನೆಯ ಕಪ್ಪು ಗುಳಿ. 7 ಸೆಂಟಿಮೀಟರ್. ಒಳಗೆ ನಸುಬೂದು ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು. ಅಮೀಬಾದ ಕೀವುಗುಳ್ಳೆ ಎಂದೇ ನನ್ನ ಅಂದಾಜು.

ಕಿರಿಯ ಡಾಕ್ಟರ್ ಕೇಳಿದ್ದು ಸರಿಯಾದ ಪ್ರಶ್ನೆ: "ಮೇಡಮ್, ಇವನಿಗೆ ಭೇದಿಯೇ ಆಗಿಲ್ಲವಲ್ಲ? ಮಲಪರೀಕ್ಷೆಯಲ್ಲೂ ಏನೂ ಸಿಕ್ಕಿಲ್ಲ." ಈ ಕಾಯಿಲೆಯಲ್ಲಿ ಅದೇ ಸಾಮಾನ್ಯ. ಎಂಟಮೀಬಾ ಹಿಸ್ಟೊಲಿಟಿಕಾ ಕೊಳಕು ನೀರಿನ ಜೊತೆ ಒಳಗೆ ಹೋಗಿ, ದೊಡ್ಡ ಕರುಳಿನಲ್ಲಿ ಸದ್ದಿಲ್ಲದೆ ಕೂತು, ರಕ್ತದ ದಾರಿಯಲ್ಲಿ ಯಕೃತ್ತಿಗೆ ಏರುತ್ತದೆ. ಬಾವು ಕಾಣಿಸುವ ಹೊತ್ತಿಗೆ ಹೆಚ್ಚಿನವರಿಗೆ ಭೇದಿ ಇರುವುದಿಲ್ಲ, ಮಲದಲ್ಲಿ ಅಮೀಬಾ ಸಿಗುವುದೂ ಇಲ್ಲ. ಸಿಕ್ಕರೂ ಅದು ಹಿಸ್ಟೊಲಿಟಿಕಾವೋ, ಅದರಂತೆಯೇ ಕಾಣುವ ನಿರುಪದ್ರವಿ ಡಿಸ್ಪಾರೋ ಸೂಕ್ಷ್ಮದರ್ಶಕ ಹೇಳಲಾರದು. ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲೈಜಾ ಪರೀಕ್ಷೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಪಾಸಿಟಿವ್ ಬರುತ್ತದೆ, ನಿಜ. ಆದರೆ ಮೊದಲ ವಾರದಲ್ಲಿ ನೆಗೆಟಿವ್ ಇರಬಹುದು. ನಮ್ಮಂಥ ಸೀಮೆಯಲ್ಲಿ ಹಿಂದೆಂದೋ ಬಂದುಹೋದ ಸೋಂಕಿನ ಗುರುತೂ ವರ್ಷಗಟ್ಟಲೆ ಉಳಿದಿರಬಹುದು. ಹಾಗಾಗಿ ಕೈಯಲ್ಲಿರುವುದು ಇಷ್ಟೇ: ಮಧ್ಯವಯಸ್ಸಿನ ಗಂಡಸು, ಜ್ವರ, ಬಲಪಕ್ಕೆಯ ನೋವು, ಒಂದೇ ಗುಳಿ, ಏರಿದ ಬಿಳಿ ರಕ್ತಕಣ, ಏರಿದ ಆಲ್ಕಲೈನ್ ಫಾಸ್ಫಟೇಸ್. ಈ ಕಾಯಿಲೆ ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಹತ್ತು ಪಟ್ಟು ಹೆಚ್ಚು. ಕುಡಿಯುವವರಲ್ಲಿ ಇನ್ನೂ ಹೆಚ್ಚು ನೋಡುತ್ತೇವೆ. ಇವನೂ ಕುಡಿಯುತ್ತಾನೆ, ಕೇಳಿದ ಕೂಡಲೇ ಒಪ್ಪಿಕೊಂಡ.

ಸಕ್ಕರೆ ಕಾಯಿಲೆ ಇಲ್ಲ, ಗುಳಿ ಒಂದೇ. ಆದರೂ ಬ್ಯಾಕ್ಟೀರಿಯಾದ ಕೀವು ಅಲ್ಲವೇ ಅಲ್ಲ ಎಂದು ಇವತ್ತೇ ಹೇಳಲಾಗದು. ರಕ್ತವನ್ನು ಕಲ್ಚರಿಗೆ ಕಳಿಸಿ, ಸೆಫ್ಟ್ರಿಯಾಕ್ಸೋನ್ ಜೊತೆಗೆ ಮೆಟ್ರೊನಿಡಜೋಲ್ ಶುರು ಮಾಡಿದೆ. ಎರಡು ದಿನ ಸಲಾಯಿನ್ ಮೂಲಕ, ಆಮೇಲೆ ಗುಳಿಗೆ, ಮೂರು ಹೊತ್ತು 800 ಮಿಲಿಗ್ರಾಂ, ಒಟ್ಟು ಹತ್ತು ದಿನ.

ಜನವರಿ 10

ರಾತ್ರಿ 103 ಡಿಗ್ರಿ ಜ್ವರ. ಬೆಳಿಗ್ಗೆ ಇಳಿದಿತ್ತು, ಸಂಜೆ ಮತ್ತೆ ಏರಿದೆ. ಅವನ ಹೆಂಡತಿ ಕಂಗಾಲು. ಮೊದಲ ಎರಡು ದಿನ ಹೀಗೇ ಇರುತ್ತದೆ, ಮೂರನೆಯ ದಿನಕ್ಕೆ ಕಾಯೋಣ ಎಂದೆ. ಆ ಮಾತನ್ನು ಅಷ್ಟು ಧೈರ್ಯದಿಂದ ಹೇಳಲು ಆಗುವುದು ಈ ಮದ್ದಿನಿಂದ.

ರೌಂಡ್ಸ್ ಮುಗಿಸಿ ಚಹಾ ಕುಡಿಯುವಾಗ ಕಿರಿಯ ಡಾಕ್ಟರಿಗೆ ನಮ್ಮ ಮೆಡಿಸಿನ್ ಪ್ರೊಫೆಸರ್ ಹೇಳುತ್ತಿದ್ದ ಎಮೆಟಿನ್ ಕಾಲದ ಕಥೆ ಹೇಳಿದೆ. 1875ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಲೋಶ್ ಎಂಬ ವೈದ್ಯ ರೋಗಿಯ ಮಲದಲ್ಲಿ ಅಮೀಬಾವನ್ನು ಕಂಡ. 1912ರಲ್ಲಿ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರಾಜರ್ಸ್ ಎಮೆಟಿನ್ ಚುಚ್ಚುಮದ್ದು ಕೊಟ್ಟು ಅಮೀಬಾ ರೋಗಿಗಳನ್ನು ಉಳಿಸಿದ. ಇಪೆಕಾಕ್ ಎಂಬ ಬ್ರೆಜಿಲ್ ಗಿಡದ ಬೇರಿನಿಂದ ತೆಗೆದ ಮದ್ದು ಅದು. ಅಮೀಬಾವನ್ನು ಕೊಲ್ಲುತ್ತಿತ್ತು, ಹೃದಯವನ್ನೂ ಬಿಡುತ್ತಿರಲಿಲ್ಲ. ರೋಗಿಯನ್ನು ಮಂಚದಿಂದ ಇಳಿಯಗೊಡದೆ, ಹೊತ್ತುಹೊತ್ತಿಗೆ ನಾಡಿ ಎಣಿಸುತ್ತ ಕೂರಬೇಕಿತ್ತು. 1966ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಪೊವೆಲ್ ಮತ್ತು ಸಂಗಡಿಗರು ಮೆಟ್ರೊನಿಡಜೋಲ್ ಈ ಬಾವನ್ನು ಗುಣಪಡಿಸುತ್ತದೆಂದು ತೋರಿಸಿದ ಮೇಲೆ ಆ ಭಯ ಹೋಯಿತು. ಇವತ್ತು ಯಾವ ಸಣ್ಣ ಊರಿನ ಮೆಡಿಕಲ್ ಅಂಗಡಿಯಲ್ಲೂ ಸಿಗುವ, ಕೂಲಿಕಾರನೂ ಕೊಳ್ಳಬಲ್ಲ ಗುಳಿಗೆ ಇದು. ನನ್ನ ಪಾಲಿಗೆ ವೈದ್ಯಶಾಸ್ತ್ರದ ದೊಡ್ಡ ಗೆಲುವುಗಳಲ್ಲಿ ಇದೂ ಒಂದು.

ಜನವರಿ 12

ಮಧ್ಯಾಹ್ನದಿಂದ ಜ್ವರ ಇಲ್ಲ. ತಾನಾಗಿ ಎಡಮಗ್ಗುಲಿಗೆ ಹೊರಳಿ ಮಲಗಿದ್ದ. ರೊಟ್ಟಿ ಕೇಳಿದನಂತೆ, ಆದರೆ ತಿಂದದ್ದು ಅರ್ಧ. "ಬಾಯಾಗ ತಾಮ್ರದ ತಂಬಗಿ ನೆಕ್ಕಿದಂಗ ಆಗೈತ್ರಿ" ಅಂದ. ಮೆಟ್ರೊನಿಡಜೋಲ್ ಬಾಯಿಗೆ ತರುವ ರುಚಿ ಅದೇ. ಮೂತ್ರ ಕೆಂಪಗಾದರೂ ಹೆದರಬೇಡ, ಓಕರಿಕೆಗೆ ಊಟದ ಮೇಲೆ ಗುಳಿಗೆ ತಗೋ ಎಂದು ಹೇಳಿದೆ.

ಅವನ ಅಣ್ಣನದು ಬೇರೆಯೇ ಚಿಂತೆ. "ಕೀವು ಇದ್ದಮ್ಯಾಲ ತಗದು ಹಾಕಬೇಕಲ್ರೀ ಬಾಯಾರ? ಒಳಗಿದ್ರ ನಂಜಾಗೂದಿಲ್ಲೇನು?" ಎಂದು ಕೇಳಿದ. ಊರಲ್ಲಿ ಯಾರೋ ಅವನಿಗೆ ದೊಡ್ಡ ಊರಿಗೆ ಒಯ್ದು ಕುಯ್ಯಿಸು ಎಂದಿದ್ದಾರೆ. ಅಮೀಬಾದ ಗುಳ್ಳೆಯಲ್ಲಿರುವುದು ಬಹುಪಾಲು ಕರಗಿದ ಯಕೃತ್ತು, ಮಾಸಲು ಕಂದು ಬಣ್ಣದ, ವಾಸನೆಯಿಲ್ಲದ ದ್ರವ. ಅಮೀಬಾ ಇರುವುದು ಗೋಡೆಯಂಚಿನಲ್ಲಿ, ಅಲ್ಲಿಗೆ ಮದ್ದು ರಕ್ತದ ಮೂಲಕವೇ ತಲುಪುತ್ತದೆ. ನಾಲ್ಕೈದು ದಿನವಾದರೂ ಜ್ವರ ಇಳಿಯದಿದ್ದರೆ, ಗುಳ್ಳೆ ತೀರ ದೊಡ್ಡದಾಗಿ ಒಡೆಯುವ ಹಾಗಿದ್ದರೆ, ಎಡ ಹಾಲೆಯಲ್ಲಿದ್ದರೆ ಸೂಜಿ ಹಾಕಿ ತೆಗೆಯಲೇಬೇಕು. ಎಡ ಹಾಲೆಯ ಮೇಲೆಯೇ ಹೃದಯದ ಚೀಲವಿದೆ, ಅದರೊಳಗೆ ಒಡೆದರೆ ಉಳಿಸುವುದು ಕಷ್ಟ. ಇವನಿಗೆ ಈ ಮೂರರಲ್ಲಿ ಒಂದೂ ಇಲ್ಲ. ಅಣ್ಣನನ್ನು ಜ್ವರದ ಚಾರ್ಟಿನ ಮುಂದೆ ನಿಲ್ಲಿಸಿ ಗೆರೆ ಇಳಿದದ್ದನ್ನು ತೋರಿಸಿದೆ. ಓದು ಬಾರದಿದ್ದರೂ ಗೆರೆ ಅರ್ಥವಾಯಿತು.

ಕಲ್ಚರಿನಲ್ಲಿ ಏನೂ ಬೆಳೆದಿಲ್ಲ. ಸೆಫ್ಟ್ರಿಯಾಕ್ಸೋನ್ ನಿಲ್ಲಿಸಿದೆ.

ಜನವರಿ 19

ಮೆಟ್ರೊನಿಡಜೋಲ್ ಹತ್ತು ದಿನ ಮುಗಿಯಿತು. ನೋವಿಲ್ಲ, ಜ್ವರವಿಲ್ಲ, ಮನೆಗೆ ಹೋಗುತ್ತೇನೆ ಎಂಬ ಆತುರ. ಈ ಹಂತದಲ್ಲೇ ನಮ್ಮ ಕಡೆ ಚಿಕಿತ್ಸೆ ಕೈತಪ್ಪುವುದು. ಯಕೃತ್ತಿನ ಅಮೀಬಾ ಸತ್ತಿದೆ, ಅದು ಹೊರಟು ಬಂದ ಕರುಳಿನಲ್ಲಿ ಇನ್ನೂ ಇರಬಹುದು. ಮೆಟ್ರೊನಿಡಜೋಲ್ ಕರುಳಿನಿಂದ ಪೂರ್ತಿ ರಕ್ತಕ್ಕೆ ಹೀರಿಹೋಗುವ ಮದ್ದು, ಹಾಗಾಗಿಯೇ ಯಕೃತ್ತಿಗೆ ಅಷ್ಟು ಚೆನ್ನಾಗಿ ತಲುಪುತ್ತದೆ. ಕರುಳಿನ ಟೊಳ್ಳಿನಲ್ಲಿ ಕೂತ ಅಮೀಬಾದ ಮೇಲೆ ಅದರ ಆಟ ಸಾಲದು. ಅದಕ್ಕೆ ಡೈಲೋಕ್ಸನೈಡ್ ಫ್ಯುರೋಯೇಟ್ ಬೇಕು, ಮೂರು ಹೊತ್ತು 500 ಮಿಲಿಗ್ರಾಂ, ಹತ್ತು ದಿನ. ಅದು ಇಲ್ಲದಿದ್ದರೆ ಪ್ಯಾರೊಮೊಮೈಸಿನ್ ಏಳು ದಿನ. ಇದನ್ನು ಬಿಟ್ಟುಬಿಟ್ಟರೆ ಬಾವು ಮರುಕಳಿಸಬಹುದು. ಅವನ ಮಲದ ಮೂಲಕ ಮನೆಯವರಿಗೂ, ಕೆಲಸದ ಜಾಗದಲ್ಲಿ ಜೊತೆಗೆ ನೀರು ಕುಡಿಯುವವರಿಗೂ ಹಬ್ಬಬಹುದು.

ನಮ್ಮ ಊರಿನ ಮೆಡಿಕಲ್ ಅಂಗಡಿಗಳಲ್ಲಿ ಡೈಲೋಕ್ಸನೈಡ್ ಬಿಡಿಯಾಗಿ ಸಿಗುವುದೇ ಅಪರೂಪ. ಮೆಟ್ರೊನಿಡಜೋಲ್ ಜೊತೆ ಬೆರೆಸಿದ ಗುಳಿಗೆ ಬೇಕಾದಷ್ಟಿದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯವರು ಹುಬ್ಬಳ್ಳಿಯಿಂದ ತರಿಸಿಕೊಡುತ್ತೇನೆ ಎಂದು ನಿನ್ನೆಯೇ ಹೇಳಿದ್ದರು, ಇವತ್ತು ಮಧ್ಯಾಹ್ನ ಬಂದು ಕೈಗೇ ಕೊಟ್ಟು ಹೋದರು. ದೊಡ್ಡ ಉಪಕಾರ.

ಕುಡಿತದ ಮಾತೂ ಆಯಿತು. ಸಿಸ್ಟರನ್ನು ಹೊರಗೆ ಕಳಿಸಿ ಅವನ ಹತ್ತಿರ ಕೂತೆ. "ತಮ್ಮಾ, ಲಿವರಿನಾಗ ಇಷ್ಟ ದೊಡ್ಡ ಗುಳಿ ಬಿದ್ದೈತಿ. ಅದು ತುಂಬಿ ಬರಾಕ ತಿಂಗಳುಗಟ್ಲೆ ಬೇಕು. ಅಲ್ಲೀತನಾ ಅದರ ಮ್ಯಾಲ ಮತ್ತೊಂದು ಭಾರ ಹಾಕಬ್ಯಾಡ." ತಲೆ ತಗ್ಗಿಸಿ ಹೂಂ ಅಂದ. ಹೆಂಡತಿ ಮಾತ್ರ ನನ್ನನ್ನೇ ನೋಡುತ್ತಿದ್ದಳು, ಇನ್ನೂ ಏನಾದರೂ ಹೇಳಲಿ ಎಂಬ ಹಾಗೆ. ಕೆಲಸದ ಜಾಗದ ನೀರಿನ ಬಗ್ಗೆ ಕೇಳಿದೆ. ಸಿಮೆಂಟು ಕಲೆಸುವ ಡ್ರಮ್ಮಿನದೇ ನೀರು, ಅದರದೇ ತಂಬಿಗೆ. ಮನೆಯಿಂದ ಕುದಿಸಿ ಆರಿಸಿದ ನೀರು ಬಾಟಲಿಯಲ್ಲಿ ಕೊಟ್ಟು ಕಳಿಸುತ್ತೇನೆ ಅಂದಳು.

ಫೆಬ್ರವರಿ 6

ಕುರಿಗಾರರ ಹೆಣ್ಣುಮಗಳು, ಮೂವತ್ತೆರಡು ವರ್ಷ. ಊರ ಹೊರಗಿನ ಎರೆಹೊಲದಲ್ಲಿ ಹಟ್ಟಿ ಹಾಕಿದ್ದಾರೆ. ಹೊಟ್ಟೆಯ ಬಲಮೇಲ್ಭಾಗದಲ್ಲಿ ಭಾರ, ಆಗಾಗ ಅಜೀರ್ಣ, ಅಷ್ಟೇ. ಜ್ವರವಿಲ್ಲ. ಪಿತ್ತದ ಕಲ್ಲಿರಬಹುದೆಂದು ಬೇರೆ ಕಡೆ ಸ್ಕ್ಯಾನ್ ಮಾಡಿಸಿದಾಗ ಯಕೃತ್ತಿನಲ್ಲಿ ನೀರಿನ ಗುಳ್ಳೆ ಕಂಡಿದೆ. "ಸೂಜಿ ಹಾಕಿ ನೀರು ತಗದ್ರ ಮುಗೀತು ಅಂದ್ರು. ಅಂಜಿಕಿ ಬಂದು ಇಲ್ಲಿಗೆ ಬಂದ್ನಿರಿ" ಅಂದಳು. ಆ ಅಂಜಿಕೆ ಅವಳನ್ನು ಕಾಯ್ದಿದೆ.

ಇದು ಎಂಥ ಗುಳ್ಳೆ ಎಂದು ಗೊತ್ತಾಗುವ ಮೊದಲು ಸೂಜಿ ಮುಟ್ಟಬಾರದು. ನಾನೇ ಪ್ರೋಬ್ ಹಿಡಿದು ಕೂತೆ. 4.5 ಸೆಂಟಿಮೀಟರ್, ದುಂಡಗೆ, ಒಳಗೆ ಅಚ್ಚ ಕಪ್ಪು. ಅಂಚಿನಲ್ಲಿ ಒಂದರ ಪಕ್ಕ ಒಂದು ಎರಡು ಬಿಳಿಗೆರೆ. ಸಾಧಾರಣ ನೀರುಗುಳ್ಳೆಗೆ ಈ ಜೋಡಿ ಗೆರೆ ಇರುವುದಿಲ್ಲ. ಎಡಕ್ಕೆ ಹೊರಳು ತಂಗೀ ಎಂದೆ. ಅವಳು ಹೊರಳಿದ್ದೇ ತಳದಲ್ಲಿ ಕೂತಿದ್ದ ಸಣ್ಣ ಬಿಳಿ ಕಣಗಳು ಮೇಲೆದ್ದು ಪರದೆಯ ತುಂಬ ಉದುರತೊಡಗಿದವು. ಹೈಡಾಟಿಡ್ ಮರಳು ಎನ್ನುವುದು ಇದನ್ನೇ. ಒಂದೊಂದು ಕಣವೂ ಮುಂದೆ ಹುಳುವಾಗಬಲ್ಲ ತಲೆ. ಕಿರಿಯ ಡಾಕ್ಟರ್ ಉಸಿರು ಬಿಗಿಹಿಡಿದು ನೋಡಿದರು. ಇಂಥ ಗುಳ್ಳೆಗೆ ಸಿದ್ಧತೆಯಿಲ್ಲದೆ ಸೂಜಿ ಹಾಕಿದರೆ ದ್ರವ ಸೋರಿ ದೇಹ ಒಮ್ಮೆಲೇ ತಿರುಗಿ ಬೀಳಬಹುದು, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಅದನ್ನು ದಾಟಿದರೂ ಹೊಟ್ಟೆಯೊಳಗೆ ಚೆಲ್ಲಿದ ಕಣಗಳಿಂದ ಹತ್ತಾರು ಹೊಸ ಗುಳ್ಳೆಗಳು ಏಳಬಹುದು.

ಎಕೈನೊಕಾಕಸ್ ಗ್ರ್ಯಾನ್ಯುಲೋಸಸ್, ನಾಯಿಯ ಕರುಳಿನಲ್ಲಿ ಬದುಕುವ, ಅರ್ಧ ಬೆರಳಗಲವೂ ಇಲ್ಲದ ಲಾಡಿಹುಳು. ಅದರ ಮೊಟ್ಟೆ ಕುರಿಯ ಹೊಟ್ಟೆಗೂ ಮನುಷ್ಯರ ಹೊಟ್ಟೆಗೂ ಹೋಗಿ ಗುಳ್ಳೆಯಾಗುತ್ತದೆ. ಶ್ವಾಸಕೋಶದಲ್ಲೂ ಇರಬಹುದೆಂದು ಎದೆಯ ಎಕ್ಸ್‌ರೇ ತೆಗೆಸಿದೆ. ಇಲ್ಲ, ಪುಣ್ಯಕ್ಕೆ. ಎಲೈಜಾಕ್ಕೆ ರಕ್ತ ಹುಬ್ಬಳ್ಳಿಗೆ ಹೋಗಿದೆ. ಎಳೆಯ ಗುಳ್ಳೆಯಲ್ಲಿ ಅದು ನೆಗೆಟಿವ್ ಬಂದರೂ ನನ್ನ ತೀರ್ಮಾನ ಬದಲಾಗದು. ಈ ಪರದೆಯ ಮೇಲೆ ಕಂಡದ್ದೇ ದೊಡ್ಡ ಸಾಕ್ಷಿ.

ಫೆಬ್ರವರಿ 8

ಹುಬ್ಬಳ್ಳಿಯ ಗ್ಯಾಸ್ಟ್ರೋ ಸರ್ಜನ್ ಒಬ್ಬರಿಗೆ ಚಿತ್ರಗಳನ್ನು ಕಳಿಸಿ ಫೋನಿನಲ್ಲಿ ಮಾತಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು ಈ ಗುಳ್ಳೆಗಳನ್ನು ಅಲ್ಟ್ರಾಸೌಂಡ್ ರೂಪದ ಮೇಲೆ ಐದು ಹಂತವಾಗಿ ವಿಂಗಡಿಸಿದೆ. ಇವಳದು ಸಿಇ1, 5 ಸೆಂಟಿಮೀಟರಿಗಿಂತ ಚಿಕ್ಕದು. ಗುಳಿಗೆಯೊಂದರಿಂದಲೇ ಪ್ರಯತ್ನಿಸಬಹುದಾದ ಗುಳ್ಳೆ. ಇನ್ನೂ ದೊಡ್ಡದಾಗಿದ್ದರೆ ಮದ್ದಿನ ರಕ್ಷೆಯಲ್ಲಿ ಸೂಜಿ ಹಾಕಿ, ನೀರು ಎಳೆದು, ಉಪ್ಪಿನ ಗಾಢ ದ್ರಾವಣವನ್ನೋ ಆಲ್ಕೋಹಾಲನ್ನೋ ಒಳಗೆ ಬಿಟ್ಟು ಮತ್ತೆ ಎಳೆಯುವ ಕ್ರಮವಿದೆ, ಅದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕು. ಒಳಗೆ ಮರಿಗುಳ್ಳೆಗಳು ತುಂಬಿಕೊಂಡಿದ್ದರೆ ಹೆಚ್ಚಾಗಿ ಶಸ್ತ್ರಚಿಕಿತ್ಸೆ. ಸುಣ್ಣಗಟ್ಟಿ ಸತ್ತುಹೋದ ಗುಳ್ಳೆಯಾದರೆ ಏನೂ ಮಾಡದೆ ನೋಡುತ್ತ ಇರುವುದೇ ಸರಿ. 1970ರ ದಶಕದ ತನಕ ಇವರಿಗೆಲ್ಲ ಕತ್ತಿಯೊಂದೇ ದಾರಿಯಾಗಿತ್ತು.

ಮದ್ದು ಆಲ್ಬೆಂಡಜೋಲ್. ತೂಕ 54 ಕಿಲೋ, ದಿನಕ್ಕೆ ಎರಡು ಹೊತ್ತು 400 ಮಿಲಿಗ್ರಾಂ, ಮೂರರಿಂದ ಆರು ತಿಂಗಳು, ನಡುವೆ ಬಿಡದೆ. ಶುರು ಮಾಡುವ ಮೊದಲು ಸಿಸ್ಟರ್ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಗರ್ಭಪರೀಕ್ಷೆ ಮಾಡಿದರು. ಇಲ್ಲ. ಇಬ್ಬರು ಮಕ್ಕಳಿದ್ದಾರೆ, ಆಪರೇಷನ್ ಆಗಿಲ್ಲ. ಗುಳಿಗೆ ತಗೊಳ್ಳುವಷ್ಟು ದಿನ, ನಿಲ್ಲಿಸಿದ ಮೇಲೂ ಒಂದು ತಿಂಗಳು ಬಸಿರಾಗುವ ಹಾಗಿಲ್ಲ ಎಂದು ಗಂಡ ಹೆಂಡಿರಿಬ್ಬರನ್ನೂ ಕೂರಿಸಿ ಹೇಳಿದೆ. ಗಂಡ ನಾಚಿಕೊಂಡು ಗೋಡೆ ನೋಡುತ್ತಿದ್ದರೂ ಕೇಳಿಸಿಕೊಂಡ. ಮೊದಲ ರಕ್ತಪರೀಕ್ಷೆ ಬರೆದಿಟ್ಟಿದ್ದೇನೆ. ಎರಡು ವಾರಕ್ಕೊಮ್ಮೆ ಯಕೃತ್ತಿನ ಕಿಣ್ವಗಳನ್ನೂ ಬಿಳಿ ರಕ್ತಕಣಗಳನ್ನೂ ನೋಡಬೇಕು.

ಫೆಬ್ರವರಿ 12

ಅವಳು ಮತ್ತೆ ಬಂದಳು. ಕೈಯಲ್ಲಿ ಗುಳಿಗೆಯ ಚೀಟಿ, ಮುಖದಲ್ಲಿ ಅನುಮಾನ. "ಬಾಯಾರ, ಇದ ಗುಳಿಗಿ ನಮ್ಮ ಹುಡುಗಗ ಸಾಲ್ಯಾಗ ಕೊಟ್ಟಾರ್ರಿ. ಅವಂಗ ವರ್ಸಕ್ಕ ಒಂದೆರಡು, ನನಗ ದಿನಾ ಎರಡು ಯಾಕ್ರಿ?"

ಇಷ್ಟು ಒಳ್ಳೆಯ ಪ್ರಶ್ನೆ ಕೇಳುವವರು ಕಡಿಮೆ. 2015ರಿಂದ ದೇಶದಲ್ಲಿ ಶಾಲೆ ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ, ಫೆಬ್ರವರಿಯಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ. ಮಗು ಚೀಪುವ ಆ 400 ಮಿಲಿಗ್ರಾಂ ಗುಳಿಗೆಯೂ ಇದೂ ಒಂದೇ. ಮಗುವಿನ ಹುಳು ಇರುವುದು ಕರುಳಿನಲ್ಲಿ, ಗುಳಿಗೆ ನೇರ ಅದರ ಮೇಲೆಯೇ ಬೀಳುತ್ತದೆ. ಇವಳ ಹುಳು ಯಕೃತ್ತಿನೊಳಗೆ ಪದರದ ಮೇಲೆ ಪದರ ಹೊದ್ದು ಮಲಗಿದೆ. ಗುಳಿಗೆ ಕರುಳಿನಿಂದ ರಕ್ತಕ್ಕೆ ಸೇರುವುದೇ ಸ್ವಲ್ಪ, ಆ ಸ್ವಲ್ಪದಲ್ಲಿ ಪದರ ದಾಟಿ ಒಳಗೆ ಇಳಿಯುವುದು ಇನ್ನೂ ಸ್ವಲ್ಪ. ಆದ್ದರಿಂದ ದಿನವೂ ಬೇಕು, ತಿಂಗಳುಗಟ್ಟಲೆ ಬೇಕು. ಬರಿಹೊಟ್ಟೆಯಲ್ಲಿ ನುಂಗಿದರೆ ಬಹುಪಾಲು ವ್ಯರ್ಥ. ಜಿಡ್ಡಿನ ಊಟದ ಜೊತೆ ತಗೊಂಡರೆ ರಕ್ತದಲ್ಲಿ ಸುಮಾರು ಐದು ಪಟ್ಟು ಏರುತ್ತದೆ.

"ಏನು ಉಣ್ತಿ ಮುಂಜಾನೆ?" ಎಂದೆ. "ರೊಟ್ಟಿ, ಪುಂಡಿಪಲ್ಯ, ಖಾರ." ಜಿಡ್ಡು? "ಕುರಿ ಹಾಲು ಐತ್ರಿ. ಶೇಂಗಾ ಚಟ್ನಿ ಐತಿ, ಎಣ್ಣಿ ಹಾಕ್ಕೊಂತೀವಿ." ಕುರಿಯ ಹಾಲು ಆಕಳ ಹಾಲಿಗಿಂತ ಎಷ್ಟೋ ಗಟ್ಟಿ. ಇನ್ನೇನು ಬೇಕು! ರೊಟ್ಟಿಯ ಮೇಲೆ ಎಣ್ಣೆ ಕಲೆಸಿದ ಶೇಂಗಾಪುಡಿ, ಒಂದು ಲೋಟ ಕುರಿಹಾಲು, ಅದರ ಮೇಲೆ ಗುಳಿಗೆ, ಹೊತ್ತು ಹುಟ್ಟಿದ ಮೇಲೊಂದು, ರಾತ್ರಿ ಉಂಡ ಮೇಲೊಂದು. ಸಿಸ್ಟರ್ ಒಂದು ರಟ್ಟಿನ ಮೇಲೆ ಸೂರ್ಯ ಚಂದ್ರರ ಚಿತ್ರ ಬರೆದು, ದಿನಕ್ಕೆರಡು ಗೀಟು ಹಾಕುವ ಮನೆಗಳನ್ನು ಮಾಡಿಕೊಟ್ಟರು.

ಹೋಗುವಾಗ ಗಂಡ ಕೇಳಿದ: "ಕುರಿ ಈಲಿ ತಿಂದದ್ದಕ್ಕ ಬಂತೇನ್ರಿ ಇದು?" ಅಲ್ಲ ಎಂದೆ. ಈಲಿಯಲ್ಲಿನ ಗುಳ್ಳೆಯಿಂದ ಮನುಷ್ಯರಿಗೆ ಬಾರದು. ಆ ಗುಳ್ಳೆ ನಾಯಿಗೆ ಹೋಗಬೇಕು, ನಾಯಿಯಿಂದ ನಮಗೆ. ಅವನಿಗೆ ಇದು ನಂಬಲು ಕಷ್ಟವಾಯಿತು. ಹಟ್ಟಿಗೇ ಬರುತ್ತೇನೆ ಎಂದೆ.

ಫೆಬ್ರವರಿ 25

ಪಶು ಆಸ್ಪತ್ರೆಯ ಡಾಕ್ಟರ್ ಜೊತೆ ಹಟ್ಟಿಗೆ ಹೋಗಿದ್ದೆ. ಜೋಳ ಕೊಯ್ದ ಹೊಲದಲ್ಲಿ ಬಲೆ ಕಟ್ಟಿ ಮುನ್ನೂರರ ಹತ್ತಿರ ಕುರಿ. ನಾಲ್ಕು ನಾಯಿಗಳು, ತೋಳ ಬಂದರೂ ಹಿಂದೆಗೆಯದಂಥವು. ಅವಳ ಕಿರಿಮಗ ಅದರಲ್ಲೊಂದರ ಕೊರಳು ತಬ್ಬಿಕೊಂಡು, ಅದೇ ಕೈಯಲ್ಲಿ ರೊಟ್ಟಿಯ ತುಂಡು ಹಿಡಿದು ನಿಂತಿದ್ದ. ನನಗೆ ಹೇಳಬೇಕಾದದ್ದೆಲ್ಲ ಅಲ್ಲೇ ಇತ್ತು.

ಹಟ್ಟಿಯ ಹಿರಿಯ, ಎಪ್ಪತ್ತು ದಾಟಿದ ಅಜ್ಜ, ನಾನು ಬಾಯಿ ತೆರೆಯುವ ಮೊದಲೇ ಎಲ್ಲ ಹೇಳಿದ. "ನೀರಗುಳ್ಳಿ ನಮಗ ಗೊತ್ತಿಲ್ಲೇನ್ರೀ ಬಾಯಾರ? ಹಬ್ಬದಾಗ ಕುರಿ ಕೊಯ್ದಾಗ ಈಲಿಯಾಗ, ಪುಪ್ಪಸದಾಗ ಇರ್ತಾವ. ನಿಂಬೀಹಣ್ಣಿನಷ್ಟು ಇರ್ತಾವ, ಚಾಕು ತಾಗಿದ್ರ ನೀರು ಚಿಮ್ಮತೈತಿ. ನಾವು ತಿನ್ನೂದಿಲ್ಲ, ಕೊಯ್ದು ನಾಯಿಗೆ ಒಗೀತೀವಿ." ಒಂದೇ ಈಲಿಯಲ್ಲಿ ಐದಾರು ಇದ್ದದ್ದನ್ನೂ ನೋಡಿದ್ದಾನಂತೆ. ಎಲೆಯಂಥ ಚಪ್ಪಟೆ ಹುಳುವೂ ಈಲಿಯ ನಾಳದಲ್ಲಿ ಸಿಗುತ್ತದೆ ಎಂದ. ಅದು ಬೇರೆ, ಕೆರೆಯಂಚಿನ ಶಂಖದ ಹುಳುವಿನ ಮೂಲಕ ಬರುವ ಫ್ಯಾಸಿಯೋಲಾ. ಅದಕ್ಕೆ ಟ್ರೈಕ್ಲಾಬೆಂಡಜೋಲ್ ಬೇಕು, ಮನುಷ್ಯರಲ್ಲಿ ನಮ್ಮ ಕಡೆ ಅಪರೂಪ. ಈ ಅಜ್ಜ ಓದಿದವನಲ್ಲ, ಆದರೆ ಕುರಿಯ ಒಡಲನ್ನು ಅವನಷ್ಟು ನೋಡಿದ ಪ್ರೊಫೆಸರ್ ಯಾರೂ ಇರಲಾರರು. ಅವನಿಗೆ ಗೊತ್ತಿಲ್ಲದ್ದು ಒಂದೇ ಒಂದು ಕೊಂಡಿ: ನಾಯಿಗೆ ಒಗೆದ ಗುಳ್ಳೆಯ ಒಂದೊಂದು ಕಣವೂ ನಾಯಿಯ ಕರುಳಿನಲ್ಲಿ ಹುಳುವಾಗುತ್ತದೆ, ಆರೇಳು ವಾರದಲ್ಲಿ ಅದರ ಮೊಟ್ಟೆ ಹೊಲಕ್ಕೆ, ನೀರಿಗೆ, ನಾಯಿಯ ಮೈಗೂದಲಿಗೆ ಬರುತ್ತದೆ. ನಾಯಿಗೆ ಏನೂ ಆಗುವುದಿಲ್ಲ, ಕುಣಿದಾಡಿಕೊಂಡೇ ಇರುತ್ತದೆ.

ಅಜ್ಜ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ "ನನ್ನ ತಮ್ಮನ ಹೊಟ್ಟಿ ಹಿಂಗ ಉಬ್ಬಿ ಹೋದ. ಆಗ ದೇವರ ಕಾಟ ಅಂದ್ವಿ" ಅಂದ. ಅದು ಇದೇ ಕಾಯಿಲೆಯೋ ಅಲ್ಲವೋ ಈಗ ಹೇಳಲಾಗದು. ಆದರೂ ಅವನ ಮಾತು ಕೇಳಿ ಸಂಕಟವಾಯಿತು.

ಪಶುವೈದ್ಯರು ನಾಲ್ಕೂ ನಾಯಿಗಳಿಗೆ ತೂಕ ಅಂದಾಜು ಮಾಡಿ ಪ್ರಾಜಿಕ್ವಾಂಟೆಲ್ ಗುಳಿಗೆಯನ್ನು ಮಾಂಸದ ತುಂಡಿನಲ್ಲಿ ಹುದುಗಿಸಿ ಕೊಟ್ಟರು. ಎರಡು ಮೂರು ದಿನ ಅವುಗಳನ್ನು ಕಟ್ಟಿ ಹಾಕಿ ಹೇಲನ್ನು ಸುಟ್ಟು ಹೂಳಬೇಕು, ಯಾಕೆಂದರೆ ಈ ಮದ್ದು ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಆರು ವಾರಕ್ಕೊಮ್ಮೆ ಮತ್ತೆ ಕೊಡಬೇಕು. ಕುರಿ ಕೊಯ್ದಾಗ ಗುಳ್ಳೆಯಿರುವ ಈಲಿ, ಪುಪ್ಪಸ ನಾಯಿಯ ಬಾಯಿಗೆ ಸಿಗದಷ್ಟು ಆಳಕ್ಕೆ ಹೂಳಬೇಕು, ಇಲ್ಲವೇ ಸುಡಬೇಕು. ಹುಡುಗನ ಕೈ ತೊಳೆಸಿ ರೊಟ್ಟಿ ಕೊಡುವುದನ್ನು ಅವನ ಅವ್ವ ನನ್ನ ಕಣ್ಣ ಮುಂದೆಯೇ ಶುರು ಮಾಡಿದಳು. ಹಟ್ಟಿಯ ಹತ್ತೂ ಮಂದಿಗೆ ಸ್ಕ್ಯಾನ್ ಮಾಡಿಸಲು ದಿನ ಗೊತ್ತು ಮಾಡಿಕೊಂಡು ಬಂದೆ.

ಐಸ್‌ಲ್ಯಾಂಡಿನಲ್ಲಿ ಒಂದು ಕಾಲಕ್ಕೆ ಈ ರೋಗ ಮನೆಮನೆಯಲ್ಲಿತ್ತು. ಹರಾಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ವಿಜ್ಞಾನಿ ಅಲ್ಲಿಗೆ ಹೋಗಿ ಅಭ್ಯಾಸ ಮಾಡಿ, ನಾಯಿ ಕುರಿಗಳ ಈ ಕೊಂಡಿಯನ್ನು ಜನರಿಗೆ ತಿಳಿಯುವಂತೆ ಬರೆದ ಪುಸ್ತಿಕೆಯನ್ನು 1864ರಲ್ಲಿ ಮನೆಮನೆಗೆ ಹಂಚಿದರು. ಜನ ಓದಿದರು, ನಾಯಿಗಳಿಗೆ ಮದ್ದು ಕೊಟ್ಟರು, ಗುಳ್ಳೆಯ ಅಂಗಗಳನ್ನು ನಾಶ ಮಾಡಿದರು. ಆ ದ್ವೀಪದಿಂದ ರೋಗವೇ ಹೋಯಿತು. ಆಗ ಅವರ ಹತ್ತಿರ ಪ್ರಾಜಿಕ್ವಾಂಟೆಲ್ ಇರಲಿಲ್ಲ, ಆಲ್ಬೆಂಡಜೋಲ್ ಇರಲಿಲ್ಲ, ಅಲ್ಟ್ರಾಸೌಂಡ್ ಇರಲಿಲ್ಲ. ನಮಗೆ ಮೂರೂ ಇವೆ. ಕುರಿಗಾರರ ಮಾತಿನಲ್ಲೇ ಒಂದು ಹಾಳೆ ಬರೆದು, ಚಿತ್ರ ಹಾಕಿಸಿ, ಕುರಿ ಸಂತೆಯಲ್ಲಿ ಹಂಚಬೇಕೆಂದು ನಾನೂ ಪಶುವೈದ್ಯರೂ ಬೈಕಿನಲ್ಲಿ ಬರುವಾಗ ಮಾತಾಡಿಕೊಂಡೆವು.

ಮಾರ್ಚ್ 9

ಕುರಿಗಾರರ ಹೆಣ್ಣುಮಗಳ ಯಕೃತ್ತಿನ ಕಿಣ್ವ, ಎಸ್‌ಜಿಪಿಟಿ, 96. ಎರಡು ವಾರದ ಹಿಂದೆ 34 ಇತ್ತು. ಕಾಮಾಲೆಯಿಲ್ಲ, ಬಿಲಿರುಬಿನ್ ಸರಿಯಿದೆ, ಬಿಳಿ ರಕ್ತಕಣ 5,800. ಆಲ್ಬೆಂಡಜೋಲ್ ಇಷ್ಟು ಏರಿಸುವುದು ಸಾಮಾನ್ಯ, ಹೆದರಿ ನಿಲ್ಲಿಸಿದರೆ ಗುಳ್ಳೆಗೇ ಲಾಭ. ಇನ್ನೂ ಏರಿ ಮೇಲಿನ ಮಿತಿಯ ನಾಲ್ಕೈದು ಪಟ್ಟಾದರೆ, ಕಣ್ಣು ಹಳದಿಯಾದರೆ, ರಕ್ತಕಣ ಇಳಿದರೆ ನಿಲ್ಲಿಸಲೇಬೇಕು. ಒಂದು ವಾರಕ್ಕೆ ಮತ್ತೆ ಪರೀಕ್ಷೆ ಬರೆದೆ. ಬೇರೆ ಯಾವ ಗುಳಿಗೆ, ಗಿಡಮೂಲಿಕೆ ತಗೊಂಡಿದ್ದೀ ಎಂದು ಕೇಳಿದೆ, ಇಲ್ಲ. ಎಲೈಜಾ ಪಾಸಿಟಿವ್ ಬಂದಿದೆ.

ಮಾರ್ಚ್ 16

ಅವಳ ಎಸ್‌ಜಿಪಿಟಿ 71ಕ್ಕೆ ಇಳಿದಿದೆ. ಗುಳಿಗೆ ಮುಂದುವರಿದಿದೆ.

ಹಟ್ಟಿಯವರ ಸ್ಕ್ಯಾನ್ ಮುಗಿಯಿತು. ಅಜ್ಜನ ಯಕೃತ್ತಿನಲ್ಲಿ 3 ಸೆಂಟಿಮೀಟರಿನ, ಪೂರ್ತಿ ಸುಣ್ಣಗಟ್ಟಿದ ಹಳೆಯ ಗುಳ್ಳೆ. ಅವನ ದೇಹವೇ ಅದನ್ನು ಕೊಂದುಹಾಕಿದೆ. ಮದ್ದು ಬೇಡ, ವರ್ಷಕ್ಕೊಮ್ಮೆ ನೋಡೋಣ ಎಂದೆ. ಮಕ್ಕಳಿಬ್ಬರಿಗೂ ಏನೂ ಇಲ್ಲ. ಇವತ್ತು ಮನೆಗೆ ಹಗುರಾಗಿ ಬಂದೆ.

ಏಪ್ರಿಲ್ 22

ಗೌಂಡಿ ಬಂದಿದ್ದ. ಮೈ ತುಂಬಿದೆ, ಯುಗಾದಿಗೆ ಮೊದಲೇ ಕೆಲಸಕ್ಕೆ ಹೋಗಿದ್ದಾನೆ. ಆದರೆ ಮುಖ ಬಾಡಿತ್ತು. ತಾನಾಗಿ ಎಲ್ಲೋ ಸ್ಕ್ಯಾನ್ ಮಾಡಿಸಿದ್ದಾನೆ, 4 ಸೆಂಟಿಮೀಟರಿನ ಗುಳಿ ಇನ್ನೂ ಇದೆ ಎಂದು ಬರೆದುಕೊಟ್ಟಿದ್ದಾರೆ. ಮತ್ತೊಂದು ಕೋರ್ಸ್ ಮದ್ದು ಬೇಕು, ಇಲ್ಲ ಆಪರೇಷನ್ ಎಂದು ಯಾರೋ ಹೇಳಿದ್ದಾರಂತೆ.

ಇದು ನಾನು ಎಷ್ಟೋ ಸಲ ಬಿಡಿಸಿರುವ ಗಂಟು. ಅಮೀಬಾ ಸತ್ತ ಮೇಲೂ ಗುಳಿ ತುಂಬಿಕೊಳ್ಳಲು ಮೂರರಿಂದ ಒಂಬತ್ತು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಚಿಕಿತ್ಸೆ ಗೆದ್ದಿತೋ ಸೋತಿತೋ ಎಂಬುದನ್ನು ಜ್ವರ, ನೋವು, ಹಸಿವು, ತೂಕ ನೋಡಿ ಹೇಳಬೇಕು. ಅವನ ತೂಕ ಆರು ಕಿಲೋ ಏರಿದೆ. ಜನವರಿಯ ಚಿತ್ರವನ್ನೂ ಇವತ್ತಿನದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಮದ್ದು ಬೇಡ, ಸುಮ್ಮನೆ ಮೆಟ್ರೊನಿಡಜೋಲ್ ನುಂಗುತ್ತ ಹೋದರೆ ಕೈಕಾಲಿನ ನರಗಳು ಜೋಮು ಹಿಡಿಯುತ್ತವೆ. "ಹಂಗಾದ್ರ ಆಪರೇಷನ್ ಬ್ಯಾಡಾ?" ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಕುಡಿಯುವುದನ್ನು ಬಿಟ್ಟಿದ್ದೀಯಾ ಎಂದೆ. "ಹಬ್ಬಕ್ಕೂ ಮುಟ್ಟಿಲ್ರಿ" ಅಂದ. ಕರುಳಿನ ಗುಳಿಗೆ ಪೂರ್ತಿ ತಗೊಂಡಿದ್ದಾನೆ, ಖಾಲಿ ಪಟ್ಟಿಗಳನ್ನು ಹೆಂಡತಿ ಇಟ್ಟುಕೊಂಡಿದ್ದಾಳಂತೆ.

ಜೂನ್ 11

ಹಟ್ಟಿ ಈಗ ತಮ್ಮ ಊರ ಕಡೆ ತಿರುಗಿದೆ. ಅವಳು ಬಸ್ಸಿನಲ್ಲಿ ಎರಡು ತಾಸು ಕೂತು ಬಂದಳು, ರಟ್ಟು ತಂದಿದ್ದಳು. ಸೂರ್ಯ ಚಂದ್ರರ ಮನೆಗಳಲ್ಲಿ ಗೀಟುಗಳು. ಏಪ್ರಿಲಿನಲ್ಲಿ ಮೂರು ದಿನ ಖಾಲಿ. ಮಳೆಗಾಳಿಗೆ ಗುಡಾರ ಬಿದ್ದು ಗುಳಿಗೆ ನೆನೆದುಹೋಗಿತ್ತಂತೆ, ನಾಲ್ಕನೆಯ ದಿನ ಗಂಡ ಪೇಟೆಗೆ ಹೋಗಿ ತಂದಿದ್ದಾನೆ. ಕೂದಲು ಸ್ವಲ್ಪ ಉದುರಿದೆ, ಮದ್ದು ನಿಂತ ಮೇಲೆ ಬರುತ್ತದೆ ಎಂದೆ.

ಸ್ಕ್ಯಾನ್: 3.6 ಸೆಂಟಿಮೀಟರ್. ಒಳಪದರ ಗೋಡೆಯಿಂದ ಕಳಚಿ, ಅಲೆ ಅಲೆಯಾಗಿ ನೀರಿನಲ್ಲಿ ತೇಲುತ್ತಿದೆ. ಸಿಇ1 ಇದ್ದದ್ದು ಸಿಇ3ಎ ಆಗಿದೆ. ಮದ್ದು ಒಳಗೆ ಮುಟ್ಟಿದೆ! ಹೊರಳಿದರೂ ಕಣಗಳು ಏಳಲಿಲ್ಲ. ಆದರೆ ಈ ಹಂತದಿಂದ ಗಟ್ಟಿಯಾಗಿ ಸಾಯುವ ಕಡೆಗೂ ಹೋಗಬಹುದು, ಮರಿಗುಳ್ಳೆ ಹುಟ್ಟಿ ಮತ್ತೆ ಚಿಗುರಲೂಬಹುದು. ಆದ್ದರಿಂದ ಆರು ತಿಂಗಳು ತುಂಬಿಸುವುದೆಂದು ತೀರ್ಮಾನ, ಆಗಸ್ಟಿನ ತನಕ. ಆಮೇಲೂ ವರ್ಷಗಟ್ಟಲೆ, ಮೊದಲು ಆರು ತಿಂಗಳಿಗೊಮ್ಮೆ, ಸ್ಕ್ಯಾನ್ ಮಾಡುತ್ತಲೇ ಇರಬೇಕು. ಎಸ್‌ಜಿಪಿಟಿ 52, ಬಿಳಿ ರಕ್ತಕಣ ಸರಿಯಿದೆ, ಗರ್ಭಪರೀಕ್ಷೆ ನೆಗೆಟಿವ್.

ನಾಯಿಗಳಿಗೆ ಎರಡನೆಯ ಸಲ ಗುಳಿಗೆ ಆಗಿದೆ, ಮೂರನೆಯದು ತಪ್ಪಿದೆ. ಅವರ ಊರಿನ ಪಶು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟು, ಇಲ್ಲಿಯ ಪಶುವೈದ್ಯರಿಂದ ಫೋನೂ ಮಾಡಿಸಿದೆ. ನಮ್ಮ ಹಾಳೆ ಅಚ್ಚಾಗಿ ಬಂದಿದೆ, ಐವತ್ತು ಅವಳ ಕೈಗೆ ಕೊಟ್ಟೆ. ಅಜ್ಜ ಸಂತೆಯಲ್ಲಿ ತಾನೇ ಹಂಚುತ್ತೇನೆ ಎಂದಿದ್ದಾನಂತೆ, ಓದಲು ಮೊಮ್ಮಗನನ್ನು ಜೊತೆಗೆ ಕೂರಿಸಿಕೊಂಡು. ಗುಳಿಗೆ ಒಂದು ತಿಂಗಳಿಗಾಗುವಷ್ಟು ಆಸ್ಪತ್ರೆಯಿಂದಲೇ ಕೊಟ್ಟಿದ್ದೇವೆ. ಮುಂದಿನ ರಕ್ತಪರೀಕ್ಷೆ ಜುಲೈ 9ಕ್ಕೆ, ಅವರ ತಾಲೂಕು ಆಸ್ಪತ್ರೆಯಲ್ಲೇ ಮಾಡಿಸಿ ಫಲಿತಾಂಶದ ಫೋಟೋ ಕಳಿಸುವಂತೆ ಗಂಡನ ಫೋನಿಗೆ ನಂಬರ್ ಹಾಕಿಕೊಟ್ಟೆ. 10ರ ಸಂಜೆಯೊಳಗೆ ಬಾರದಿದ್ದರೆ ನಾನೇ ಫೋನ್ ಮಾಡಬೇಕು.